ದೀಪ ದೊಡ್ಡದು ಮಾಡು

ಅಂಬಾಬಾಯಿಯ ಕಣ್ಣು ಮಂದವಾಗಿದೆ ಎಂಬ ಸುದ್ದಿ ಅಂಬಾಬಾಯಿಯೊಬ್ಬಳನ್ನು ಬಿಟ್ಟು ಉಳಿದೆಲ್ಲರಿಗೂ ಮೊದಲೇ ಗೊತ್ತಾಗಿತ್ತು. ಅವಳಿಗೆ ಗೊತ್ತಾದದ್ದು ಎಲ್ಲರಿಗಿಂತ ಕಡೆಗೆ, ಅದೂ ಕೈಯಲ್ಲಿ ಚಿಮಟಿಗೆ ಹಿಡಿದು ಕೆಲಸಕ್ಕೆ ಕೂತಿದ್ದಾಗ. ಫೋರ್‌ಮನ್ ಮುರುಗೆಪ್ಪ ಹಿಂದೆ ಬಂದು ನಿಂತು, ಸೋಮವಾರದಿಂದ ಬರುವುದು ಬೇಡ, ನಿನ್ನ ಕಣ್ಣು ಈ ಕೆಲಸಕ್ಕೆ ಸಾಲುತ್ತಿಲ್ಲ ಎಂದು ಮೆತ್ತಗೆ ಹೇಳಿದ. ಮೆತ್ತಗೆ ಹೇಳಿ ಅವಳ ಮರ್ಯಾದೆ ಕಾಯುತ್ತಿದ್ದೇನೆ ಎಂದು ಅವನ ಎಣಿಕೆ. ಅವಳು ಚಿಮಟಿಗೆ ಕೆಳಗಿಟ್ಟು ಇಡೀ ಶೆಡ್ಡಿಗೆ ಕೇಳುವಂತೆ ಉತ್ತರ ಕೊಟ್ಟಳು.

"ನನ್ನ ಕಣ್ಣಿಗೇನೂ ಆಗಿಲ್ಲ, ಮುರುಗೆಪ್ಪಣ್ಣ. ನಿಮ್ಮ ಬೆಳಕಿಗೆ ಆಗ್ಯದ. ಸೋಮವಾರನೂ ಬರ್ತೀನಿ, ಮಂಗಳವಾರನೂ ಬರ್ತೀನಿ."

"ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ," ಎಂದು ಮುರುಗೆಪ್ಪ ಸುತ್ತಲಿನವರ ಕಡೆ ನೋಡಿ ನಕ್ಕ.

"ನೆಲಾ ಡೊಂಕ ಇದ್ದರ ಇನ್ನೇನನಬೇಕ್ರಿ?"

ನಗಲು ಬಾಯಿ ತೆರೆದಿದ್ದ ಇಬ್ಬರು ಮೂವರು ಹಾಗೇ ಮುಚ್ಚಿಕೊಂಡರು. ಮುರುಗೆಪ್ಪ ತನ್ನ ಕೋಣೆಗೆ ನಡೆದ.

ಪುಣೆಯ ಸ್ವಾರಗೇಟದಿಂದ ಸಾತಾರಾ ರಸ್ತೆ ಹಿಡಿದು ಹೋದರೆ ಸಿಗುವ ತಗಡಿನ ಶೆಡ್ಡುಗಳ ಸಾಲಿನಲ್ಲಿ ಆ ಕಾರಖಾನೆಯೂ ಒಂದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಕ್ಕಪಕ್ಕದವರು ನಟ್ಟು, ಬೋಲ್ಟು, ಪಂಪು ಮಾಡುತ್ತಿದ್ದರೆ ಇಲ್ಲಿ ಬೆಳಕು ಅಳೆಯುವ ಯಂತ್ರ ತಯಾರಾಗುತ್ತಿತ್ತು. ಅಂಗೈಯಲ್ಲಿ ಹಿಡಿಯುವಂಥ ಕಪ್ಪು ಪೆಟ್ಟಿಗೆ, ಗಾಜಿನ ಕೆಳಗೊಂದು ಮುಳ್ಳು, ಪೆಟ್ಟಿಗೆಯಿಂದ ಹೊರಟ ವಾಯರಿನ ತುದಿಗೆ ಬಿಲ್ಲೆಯಂಥ ಒಂದು ಕಣ್ಣು. ಆ ಕಣ್ಣನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರೆ ಮೇಜಿನ ಮೇಲೆ ಬೆಳಕು ಎಷ್ಟು ಬಿದ್ದಿದೆ ಎಂದು ಮುಳ್ಳು ಅಂಕಿ ತೋರಿಸುತ್ತದೆ. ಶಾಲೆಯಲ್ಲಿ ಹುಡುಗರ ಪುಸ್ತಕದ ಮೇಲೆ, ಆಸ್ಪತ್ರೆಯಲ್ಲಿ ಕೊಯ್ಯುವ ಮಂಚದ ಮೇಲೆ, ಗಿರಣಿಯಲ್ಲಿ ಮಗ್ಗದ ಮೇಲೆ ಸಾಕಷ್ಟು ಬೆಳಕಿದೆಯೋ ಇಲ್ಲವೋ ನೋಡಲಿಕ್ಕೆ ಸರಕಾರದವರು, ಸಾಹುಕಾರರು ಅದನ್ನು ಕೊಳ್ಳುತ್ತಿದ್ದರು. ಹೆಸರು ಲಕ್ಸ್ ಮೀಟರು. ಹೆಂಗಸರ ಬಾಯಲ್ಲಿ ಅದು ಲಕ್ಷ ಮೀಟರು. ಲಕ್ಷ ಕೊಟ್ಟು ಮಾಡಬೇಕಾದ ಕೆಲಸ, ಹಾಗಾಗಿ ಹೆಸರನ್ನು ತಿದ್ದಲು ಯಾರೂ ಹೋಗಲಿಲ್ಲ.

ಮುಳ್ಳಿನ ಬುಡಕ್ಕೆ ಸ್ಪ್ರಿಂಗ್ ಕೂರಿಸುವುದು ಅಂಬಾಬಾಯಿಯ ಕೆಲಸ. ಕೂದಲಿಗಿಂತ ತೆಳ್ಳಗಿನ ತಂತಿಯ ಸುರುಳಿ ಅದು. ಒಂದು ಸುತ್ತು ಇನ್ನೊಂದಕ್ಕೆ ತಾಗಿದರೆ ಮುಳ್ಳು ನಡುದಾರಿಯಲ್ಲಿ ಅಂಟಿಕೊಂಡು ಸುಳ್ಳು ಹೇಳತೊಡಗುತ್ತದೆ. ತಾಗಿದೆಯೋ ಇಲ್ಲವೋ ಕಾಣಬೇಕಾದರೆ ಬೆಳಕು ಬೇಕು. ಆದರೆ ಆ ಶೆಡ್ಡಿನಲ್ಲಿ ಚೆಂದದ ಬೆಳಕು ಇದ್ದದ್ದು ಒಂದೇ ಕಡೆ, ಮುರುಗೆಪ್ಪನ ಕೋಣೆಯಲ್ಲಿ. ತಯಾರಾದ ಮೀಟರುಗಳನ್ನು ಅಲ್ಲಿ ದೊಡ್ಡ ಬಲ್ಬಿನ ಎದುರು ಇಟ್ಟು ಪರೀಕ್ಷೆ ಮಾಡುತ್ತಿದ್ದರು. ಅಲ್ಲಿಂದ ಅವು ನೇರವಾಗಿ ಪೆಟ್ಟಿಗೆ ಸೇರಿ ಊರೂರಿಗೆ ಹೋಗುತ್ತಿದ್ದವು. ಅವನ್ನು ಮಾಡಿದ ಮೇಜುಗಳ ಮೇಲೆ ಒಂದನ್ನಾದರೂ ಇಟ್ಟು ನೋಡಿದವರಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಹೇಳಿದ್ದಾರೆ, ಆದರೆ ಆ ಕತ್ತಲೆಯಲ್ಲಿ ಹೆಂಗಸರನ್ನು ಕೂರಿಸಿ ದುಡಿಸಿರಿ ಎಂದು ಅವರು ಹೇಳಿಲ್ಲ.

ಹೆಂಗಸರು ಬಹಳ ಮಂದಿ ಶಹಾಪುರ, ಸುರಪುರದ ಕಡೆಯವರು. ಗಂಡಂದಿರು ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದಾಗ ಹಿಂದೆ ಬಂದವರು. ಮುರುಗೆಪ್ಪನೂ ಅದೇ ಸೀಮೆಯವನು. ಇಂಗ್ಲಿಷ್ ನಾಲ್ಕಕ್ಷರ, ಮರಾಠಿ ಬೇಕಾದಷ್ಟು ಬಲ್ಲವನಾದ್ದರಿಂದ ಫೋರ್‌ಮನ್ ಆಗಿದ್ದ. ಕೆಟ್ಟವನೇನಲ್ಲ, ಹಬ್ಬಕ್ಕೆ ಕರೆದರೆ ಬಂದು ಹೋಳಿಗೆ ಉಂಡು ಹೋಗುವವನು. ಕರೆಂಟಿನ ಬಿಲ್ಲು ಕಡಿಮೆ ಬಂದಾಗ ಮಾಲಕರು ಒಮ್ಮೆ ಅವನ ಬೆನ್ನು ತಟ್ಟಿದ್ದರು. ತಟ್ಟಿಸಿಕೊಂಡ ಬೆನ್ನಿಗೆ ಚಪಲ ಬಿಡುವುದಿಲ್ಲ. ಅಂದಿನಿಂದ ಮಧ್ಯಾಹ್ನದ ಊಟ ಮುಗಿದೊಡನೆ, ಹೊರಗೆ ಸೂರ್ಯನಿದ್ದಾನೆ ಎಂಬ ಕಾರಣಕ್ಕೆ, ಮೇಜುಗಳ ಮೇಲಿನ ಟ್ಯೂಬ್‌ಲೈಟುಗಳನ್ನೆಲ್ಲ ಬಂದ್ ಮಾಡಿಸುತ್ತಿದ್ದ. ಸೂರ್ಯ ಹೊರಗೆ ಇದ್ದದ್ದು ನಿಜ. ಒಳಗೆ ಬರಲು ಅವನಿಗೆ ದಾರಿ ಇರಲಿಲ್ಲ, ಕಿಟಕಿಗಳಿಗೆಲ್ಲ ಸಾಮಾನಿನ ಪೆಟ್ಟಿಗೆಗಳು ಅಡ್ಡ.

ಈ ದೀಪ ತೆಗೆಸುವ ವಿಷಯದಲ್ಲಿ ಒಂದು ಮಾತಿನ ಕಥೆಯಿದೆ. ಮೊದಲ ದಿನ ಅವನು ಎಲ್ಲರೆದುರು "ದೀಪ ಆರಿಸು" ಎಂದುಬಿಟ್ಟ. ಹೆಂಗಸರೆಲ್ಲ ಒಮ್ಮೆಲೇ ತಿರುಗಿಬಿದ್ದರು. ಗಂಡ ಮಕ್ಕಳು ಬಿದಿರಿನ ಪರಾಂಚಿ ಕಟ್ಟಿ, ನಾಲ್ಕು ಮಾಳಿಗೆಯ ಎತ್ತರದಲ್ಲಿ ಅದರ ಮೇಲೆ ನಿಂತು ಇಟ್ಟಿಗೆ ಕಟ್ಟುವವರು. ಅಂಥವರ ಮನೆಯ ಹೆಂಗಸರ ಮುಂದೆ ಹಾಡುಹಗಲೇ ದೀಪ ಆರುವ ಮಾತೇ? ಎಲ್ಲರಿಗಿಂತ ಹಿರಿಯಳಾದ ಯಮನವ್ವ ಅವನನ್ನು ಕರೆದು, ನಿನ್ನ ಹಡೆದವ್ವ ಏನಂತಿದ್ದಳೋ ಹಾಗೆ ಅನ್ನು ಎಂದು ಗದರಿದಳು. ಅವನ ಅವ್ವನೂ ಎಲ್ಲರ ಅವ್ವಂದಿರಂತೆ "ದೀಪ ದೊಡ್ಡದು ಮಾಡು" ಎನ್ನುತ್ತಿದ್ದಳು. ಆರಿಸುವ ಕೆಲಸಕ್ಕೆ ಅಮಂಗಳ ತಾಗದಂತೆ ನಮ್ಮವರು ಕಟ್ಟಿದ ಮಾತು ಅದು. ಮುರುಗೆಪ್ಪ ಕಲಿತುಕೊಂಡ. ಅಂದಿನಿಂದ ದಿನಾ ಊಟವಾದ ಮೇಲೆ ಸೊಂಟದ ಮೇಲೆ ಕೈಯಿಟ್ಟು, ಶೆಡ್ಡಿನ ಆ ತುದಿಗೆ ಕೇಳುವಂತೆ, "ಅವ್ವಣ್ಣಾ, ದೀಪ ದೊಡ್ಡದು ಮಾಡೋ" ಎಂದು ಕೂಗುತ್ತಿದ್ದ. ಅವ್ವಣ್ಣ ಸ್ವಿಚ್ಚಿನ ಹಲಗೆಯ ಕೆಳಗೆ ಕೂರುವ ಮುದುಕ. ಹಿಂದೆ ತಗಡು ಒತ್ತುವ ಪ್ರೆಸ್ಸಿನ ಸದ್ದಿನಲ್ಲಿ ದುಡಿದು ಕಿವಿ ಮಂದವಾಗಿತ್ತು. ಮೆಲುಮಾತು ಅವನಿಗೆ ಮುಟ್ಟುತ್ತಿರಲಿಲ್ಲ, ಕೂಗು ಮಾತ್ರ ಮುಟ್ಟುತ್ತಿತ್ತು. ಕೂಗು ಮುಟ್ಟಿದೊಡನೆ ದೊಡ್ಡ ಸ್ವಿಚ್ಚಿನ ಹಿಡಿ ಕೆಳಗೆಳೆಯುತ್ತಿದ್ದ.

ಹೀಗೆ ಅಮಂಗಳ ತಪ್ಪಿತು, ಕತ್ತಲೆ ತಪ್ಪಲಿಲ್ಲ. ಅಂಬಾಬಾಯಿಯ ಮೇಜು ನಟ್ಟನಡುವೆ ಇತ್ತು. ಮಧ್ಯಾಹ್ನದ ಮೇಲೆ ಅವಳು ಬಗ್ಗಿದರೆ ಅವಳದೇ ತಲೆಯ ನೆರಳು ಕೆಲಸದ ಮೇಲೆ ಕೂರುತ್ತಿತ್ತು. ಬೆಳಕು ಬೇಕೆಂದು ಎಷ್ಟೋ ಸಲ ಕೇಳಿದಳು. ಮಳೆಗಾಲ ಬಂತು, ಮೋಡ ಕವಿಯಿತು, ಮುರುಗೆಪ್ಪನ ಸೂರ್ಯ ಮಾತ್ರ ಮುಳುಗಲಿಲ್ಲ. ಅಷ್ಟರಲ್ಲಿ ಯಾವುದೋ ಸರಕಾರಿ ಖಾತೆಗೆ ಹೋದ ಮೀಟರುಗಳು ಮುಳ್ಳು ಅಂಟಿಕೊಂಡು ವಾಪಸು ಬಂದವು. ತಪ್ಪು ಯಾರದಾದರೂ ಆಗಲೇಬೇಕಲ್ಲ. ಮುರುಗೆಪ್ಪ ಯೋಚಿಸಿ ಮಾಲಕರಿಗೆ ಹೇಳಿದ: ಅಂಬಾಬಾಯಿಗೆ ವಯಸ್ಸಾಯಿತು, ಕಣ್ಣು ಹೋಗಿದೆ.

ಮನೆ ಪರ್ವತಿ ಗುಡ್ಡದ ಬುಡದಲ್ಲಿ. ಗಂಡ ಹಣಮಂತ್ರಾಯ ಸುದ್ದಿ ಕೇಳಿ, ಬಿಟ್ಟುಬಿಡು, ನಮ್ಮ ಕಟ್ಟಡದ ಮೇಲೆ ಗಿಲಾವಿನ ಗಾರೆ ಹೊರುವ ಕೆಲಸ ಬೇಕಾದಷ್ಟಿದೆ ಎಂದ. ಅವಳಿಗೆ ಬೇಕಾದದ್ದು ಬೇರೊಂದು ಕೆಲಸವಲ್ಲ. ಅವಳ ತಾಯಿಗೆ ಕಡೆಗಾಲದಲ್ಲಿ ನಿಜವಾಗಿ ಕಣ್ಣು ಹೋಗಿತ್ತು. ಅಂದಿನಿಂದ ಮನೆಯಲ್ಲಿ ಯಾರೂ ಆಕೆಯನ್ನು ಏನೂ ಕೇಳುತ್ತಿರಲಿಲ್ಲ, ಆಕೆ ಹೇಳಿದ್ದಕ್ಕೆ ಹೂಂ ಅನ್ನುತ್ತಿರಲಿಲ್ಲ. ಕುರುಡಿ ಎಂಬ ಹೆಸರು ಬಂದವಳ ಮಾತಿಗೂ ಕಣ್ಣಿರುವುದಿಲ್ಲ ಎಂಬಂತೆ ನಡೆದುಕೊಂಡರು. ಅದನ್ನು ನೋಡಿದವಳು ಅಂಬಾಬಾಯಿ. ಆ ಹೆಸರು ಹೊತ್ತುಕೊಂಡು ಶೆಡ್ಡಿನ ಬಾಗಿಲು ದಾಟಲು ಅವಳಿಗೆ ಹೆದರಿಕೆಯಾಗುತ್ತಿತ್ತು. ಭಾನುವಾರ ಬಿಸಿಲಿಗೆ ಕೂತು ಕೌದಿ ಹೊಲಿದಳು. ಹೊಲಿಗೆ ಒಂದಕ್ಕೊಂದು ಅಂಟಿದಂತೆ ಸಣ್ಣಗೆ, ನೆಟ್ಟಗೆ ಬಂತು. ಸೂಜಿಗೆ ದಾರ ಒಂದೇ ಏಟಿಗೆ ಹೋಯಿತು. ನನ್ನನ್ನು ಕಳಿಸುವುದಾದರೆ ಕಳಿಸಲಿ, ಕುರುಡಿ ಅಂತ ಕಳಿಸಲಿಕ್ಕೆ ಮಾತ್ರ ಬಿಡುವುದಿಲ್ಲ ಎಂದು ಗಂಡನಿಗೆ ಹೇಳಿದಳು.

"ಬಾಯಿದ್ದಾಕಿ ಬರಗಾಲದಾಗೂ ಬದುಕ್ತಾಳ," ಎಂದು ಅವನು ನಕ್ಕ.

ಸೋಮವಾರ ಅವಳು ಹೋಗಿ ತನ್ನ ಮೇಜಿಗೆ ಕೂತಳು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅಂದೇ ಆ ಸರಕಾರಿ ಖಾತೆಯ ಸಾಹೇಬರು ಮುಂಬಯಿಯಿಂದ ಬರುವವರಿದ್ದರು. ಅವರ ಮುಂದೆ ತಪ್ಪು ಯಾರದೆಂದು ತೋರಿಸಿ, ಆಮೇಲೆ ಕಳಿಸಿದರಾಯಿತು ಎಂದು ಮಾಲಕರು ಸುಮ್ಮನಿದ್ದರು.

ಸಾಹೇಬರು ಬಂದದ್ದು ಊಟದ ಹೊತ್ತು ಕಳೆದ ಮೇಲೆ. ಹೊರಗೆ ಆಷಾಢದ ಮೋಡ. ಆದರೆ ಅಂದು ಒಳಗೆ ದೀಪಾವಳಿ, ಒಂದು ಟ್ಯೂಬೂ ಬಿಡದೆ ಎಲ್ಲ ಉರಿಯುತ್ತಿದ್ದವು. ಮುರುಗೆಪ್ಪ ಅವರನ್ನು ನೇರವಾಗಿ ಅಂಬಾಬಾಯಿಯ ಮೇಜಿಗೆ ಕರೆತಂದು, ಸ್ಪ್ರಿಂಗ್ ಕೂರಿಸುವ ಬಾಯಿ ಇವಳೇ ಎಂದು ಮರಾಠಿಯಲ್ಲಿ ಹೇಳಿದ. ಸಾಹೇಬರು ತಮ್ಮ ಚೀಲದಿಂದ ತಮ್ಮದೇ ಮೀಟರು ತೆಗೆದು, ಅದರ ಕಣ್ಣನ್ನು ಅವಳ ಮೇಜಿನ ಮೇಲೆ ಅಂಗಾತ ಇಟ್ಟರು. ಮುಳ್ಳು ನಾನೂರು ದಾಟಿ ನಿಂತಿತು. ಬೆಳಕಿಗೇನೂ ಕೊರತೆಯಿಲ್ಲವಲ್ಲ ಎಂದರು ಅವರು. ಹಾಗಾದರೆ ಕೊರತೆ ಎಲ್ಲಿದೆ ಎಂಬುದನ್ನು ಬೇರೆ ಹೇಳಬೇಕಾಗಿರಲಿಲ್ಲ.

ಅಂಬಾಬಾಯಿ ಎದ್ದು ನಿಂತಳು. ತನಗೆ ಬರುವ ಮರಾಠಿಯಲ್ಲಿ, ಈ ಬೆಳಕು ನಿಮಗೆ, ನಮಗಲ್ಲ, ದಿನಾ ಮಧ್ಯಾಹ್ನ ಇದನ್ನು ತೆಗೆದುಬಿಡುತ್ತಾರೆ ಎಂದಳು. ಮುರುಗೆಪ್ಪ ಇಲ್ಲವೆಂದ. ಸಾಹೇಬರು ನ್ಯಾಯವಂತರೇ. ಇದರಲ್ಲಿ ನಿನ್ನ ಹಿತವಿದೆ, ಅವನದೂ ಇದೆ, ಇಬ್ಬರ ಮಾತೂ ಬೇಡ, ಬೇರೆಯವರು ಹೇಳಲಿ ಎಂದು ಸುತ್ತ ನೋಡಿ, ಬಿಳಿಕೂದಲಿನ ಯಮನವ್ವನತ್ತ ಬೆರಳು ತೋರಿಸಿದರು. ಯಮನವ್ವನಿಗೆ ಮರಾಠಿ ಬಾರದು. ಆ ಹೊತ್ತಿಗೆ ಸರಿಯಾಗಿ ಗೇಟಿನಾಚೆಯ ಹೋಟೆಲಿನ ಸಂಕಪ್ಪ ಸಾಹೇಬರಿಗೆಂದು ಚಹಾ ತಂದ. ಉಡುಪಿ ಕಡೆಯವನು, ಕನ್ನಡಿಗ, ಪುಣೆಯಲ್ಲಿ ಹಳಬ, ಕಾರಖಾನೆಗೆ ಸಂಬಂಧವಿಲ್ಲದವನು. ನೀನೇ ಕೇಳಿ ಹೇಳು ಎಂದು ಸಾಹೇಬರು ಅವನನ್ನು ನಡುವೆ ನಿಲ್ಲಿಸಿದರು.

ಯಮನವ್ವ ಸೆರಗು ಸರಿಮಾಡಿಕೊಂಡಳು. ಅವಳು ಹೆದರುವವಳಲ್ಲ, ಸುಳ್ಳಾಡುವವಳೂ ಅಲ್ಲ.

"ಇದ್ದದ್ದ ಹೇಳ್ತೀನ್ರಿ. ಮಧ್ಯಾನ್ನ ಊಟ ಆತಂದ್ರ ಈ ಮುರುಗೆಪ್ಪ ಬಂದು ದೀಪ ದೊಡ್ಡದು ಮಾಡೋ ಅಂತಾನ್ರಿ. ದಿನಾ ಹಿಂಗ ನಡದದ."

ಸಂಕಪ್ಪ ತಲೆದೂಗಿ, ಒಂದಕ್ಷರ ಕೂಡಿಸದೆ ಬಿಡದೆ ಸಾಹೇಬರಿಗೆ ಮರಾಠಿಯಲ್ಲಿ ಒಪ್ಪಿಸಿದ. ದಿನಾ ಮಧ್ಯಾಹ್ನ ಫೋರ್‌ಮನ್ ಬಂದು "ದಿವಾ ಮೋಠಾ ಕರಾ" ಅನ್ನುತ್ತಾರಂತೆ. ಸಾಹೇಬರ ಮುಖ ಅರಳಿತು. ಎಲ್ಲ ಕಡೆಯೂ ಫೋರ್‌ಮನ್‌ಗಳು ದೀಪ ಕಡಿಮೆ ಮಾಡಿಸಿದರೆ ಇವನು ಹೆಚ್ಚು ಮಾಡಿಸುತ್ತಾನಲ್ಲ ಎಂದು ಮಾಲಕರ ಕಡೆ ತಿರುಗಿ ಮೆಚ್ಚಿಕೊಂಡರು. ಸಾಹೇಬರ ಮುಖ ಅರಳಿದ್ದು ನೋಡಿ, ತನ್ನ ಮಾತು ನಾಟಿತು ಎಂದುಕೊಂಡು ಯಮನವ್ವ ಸಮಾಧಾನದಿಂದ ಕೂತಳು.

ಅಲ್ಲಿ ಶಹಾಪುರ ಸೀಮೆಯ ಮಾತೂ ಮರಾಠಿಯೂ ಎರಡೂ ತಿಳಿದವರು ಇಬ್ಬರೇ. ಒಬ್ಬಳು ಅಂಬಾಬಾಯಿ, ಇನ್ನೊಬ್ಬ ಮುರುಗೆಪ್ಪ. ಅವನು ಬಾಯಿ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವ್ವನ ಬಾಯಿಂದ ಕಲಿತ ಮಾತು, ತನಗೆ ತಿಳಿಯದೆಂದು ಅವನು ಹೇಳುವಂತಿಲ್ಲ. ಒಂದು ಗಳಿಗೆ ನೆಲ ನೋಡಿದ. ಆಮೇಲೆ ತಲೆ ಮೇಲಕ್ಕೆತ್ತಿ, ಹೌದೆಂದು ಆಡಿಸುತ್ತ, "ಹೋಯ್ ಸಾಹೇಬ" ಎಂದ.

ಅಂಬಾಬಾಯಿಯ ಮೈಯೆಲ್ಲ ಉರಿಯಿತು. ಸುಳ್ಳಾಡಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಗಂಡ ಮಕ್ಕಳು ಚೆನ್ನಾಗಿರಲಿ ಎಂದು ತಾವೇ ಅವನ ಬಾಯಿಗೆ ಇಟ್ಟ ಮಾತು ಅದು, ಅದನ್ನೇ ತಿರುಗಿಸಿ ತನ್ನ ಕಣ್ಣಿಗೆ ಚುಚ್ಚಿದ್ದ. ಇನ್ನು ಅವಳು ಮರಾಠಿಯಲ್ಲಿ ಎಷ್ಟು ಬಿಡಿಸಿ ಹೇಳಿದರೂ ಹಿತವಿರುವವಳ ಮಾತು. ಯಮನವ್ವನಿಂದ ಆ ಇನ್ನೊಂದು ಶಬ್ದ ಆಡಿಸುವುದು ಈ ಜನ್ಮದಲ್ಲಿ ಆಗುವ ಕೆಲಸವಲ್ಲ. ಸಾಹೇಬರು ಚಹಾದ ಬಟ್ಟಲು ಕೈಗೆತ್ತಿಕೊಂಡಿದ್ದರು. ಮೀಟರಿನ ಕಣ್ಣು ಇನ್ನೂ ಅವಳ ಮೇಜಿನ ಮೇಲೆಯೇ ಇತ್ತು.

ಅವಳು ಶೆಡ್ಡಿನ ಆ ತುದಿಗೆ ನೋಡಿದಳು. ಅವ್ವಣ್ಣ ಸ್ವಿಚ್ಚಿನ ಹಲಗೆಯ ಕೆಳಗೆ ಚಡಪಡಿಸುತ್ತ ಕೂತಿದ್ದ. ಇಲ್ಲಿ ನಡೆದ ಒಂದು ಮಾತೂ ಅವನ ಕಿವಿಗೆ ಹೋಗಿರಲಿಲ್ಲ. ಊಟವಾಗಿ ಇಷ್ಟು ಹೊತ್ತಾದರೂ ಕೂಗು ಬಾರದೆ ಇದ್ದದ್ದು ಅವನಿಗೆ ಸೋಜಿಗವಾಗಿತ್ತು. ತಾನು ಕೂಗಿ ಅವನು ಹಿಡಿಗೆ ಕೈ ಹಾಕದಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹುಚ್ಚಿಯೂ ಹೌದು, ಕುರುಡಿಯೂ ಹೌದು ಎಂದು ಹೊರಗೆ ಹಾಕುತ್ತಿದ್ದರು. ಅವಳು ಸೊಂಟದ ಮೇಲೆ ಕೈಯಿಟ್ಟಳು, ಮುರುಗೆಪ್ಪನ ಹಾಗೆ ಕತ್ತು ಓರೆ ಮಾಡಿದಳು, ಅವನದೇ ದನಿ ತೆಗೆದು ಕೂಗಿದಳು.

"ಅವ್ವಣ್ಣಾ, ದೀಪ ದೊಡ್ಡದು ಮಾಡೋ."

ಕಾಯುತ್ತಿದ್ದ ಅವ್ವಣ್ಣ ಹಿಡಿಯನ್ನು ಖಟ್ಟನೆ ಕೆಳಗೆಳೆದ. ಶೆಡ್ಡೆಲ್ಲ ಕತ್ತಲಾಯಿತು. ಸಾಹೇಬರ ಕೈಯಲ್ಲಿನ ಚಹಾ ತುಳುಕಿತು.

"ಯಾವನಲೇ ಅಂವಾ ದೀಪ ಆರಿಸಿದಂವಾ?" ಎಂದು ಮುರುಗೆಪ್ಪ ಚೀರಿದ.

ಶಿವಶಿವಾ ಎಂದು ಹೆಂಗಸರೆಲ್ಲ ಕೆನ್ನೆ ಬಡಿದುಕೊಂಡರು. ಆಡಿದ ಮೇಲೆ ಅವನಿಗೆ ತಿಳಿಯಿತು, ತಾನು ಏನು ಆಡಿದೆ ಎಂದು. ಸಂಕಪ್ಪ ಒಮ್ಮೆ ಕತ್ತಲೆಯ ಟ್ಯೂಬುಗಳನ್ನು, ಒಮ್ಮೆ ಯಮನವ್ವನನ್ನು ನೋಡಿದ.

"ದೊಡ್ಡದು ಅಂದ್ರೆ ನಂದಿಸುದಾ ಮಾರಾಯ್ರೆ? ನಮ್ಮ ಕಡೆ ದೊಡ್ಡದು ಅಂದ್ರೆ ದೊಡ್ಡದೇ."

ಪಾಪ, ಅವನಿಗೆ ನಾಚಿಕೆಯಾಯಿತು. ಸಾಹೇಬರ ಕಡೆ ತಿರುಗಿ, ತಪ್ಪು ತನ್ನದು, ಈ ಅಜ್ಜಿ ಹೇಳಿದ್ದು ದೀಪ ತೆಗೆಸುತ್ತಾನೆ ಎಂದು, ಅವರ ಸೀಮೆಯಲ್ಲಿ ಹಾಗೆ ಅನ್ನುತ್ತಾರಂತೆ ಎಂದು ಮೊದಲಿನಿಂದ ಒಪ್ಪಿಸಿದ. ಸಾಹೇಬರು ಅವನ ಮಾತು ಪೂರ್ತಿ ಕೇಳಿದರೋ ಇಲ್ಲವೋ, ಬಗ್ಗಿ ಮುಳ್ಳು ನೋಡುತ್ತಿದ್ದರು. ಅದು ನೂರಕ್ಕಿಂತ ಕೆಳಗೆ ಇಳಿದಿತ್ತು. ದಿನಾ ಕೂರುವಂತೆ ಕೂತು ಕೆಲಸ ಮಾಡು ಎಂದು ಅವರು ಅಂಬಾಬಾಯಿಗೆ ಹೇಳಿದರು. ಅವಳು ಕೂತು ಬಗ್ಗಿದಳು. ಅವರು ಮೀಟರಿನ ಕಣ್ಣನ್ನು ಅವಳ ಬೆರಳುಗಳ ಕೆಳಗೆ ಸರಿಸಿದರು. ಅವಳ ತಲೆಯ ನೆರಳಿನಲ್ಲಿ ಮುಳ್ಳು ಇನ್ನೂ ಇಳಿದು ಮೂಲೆಗೆ ಬಿತ್ತು.

ಅಂದರೆ ನೆಲ ಡೊಂಕೇ ಇತ್ತು. ಅಳೆದು ನೋಡಿದವರು ಇದುವರೆಗೆ ಇರಲಿಲ್ಲ, ಅಷ್ಟೆ.

ದೀಪ ಹಚ್ಚಿಸಿದರು. ಈಗ ಒಂದು ಸ್ಪ್ರಿಂಗ್ ಕೂರಿಸಿ ತೋರಿಸು ಎಂದರು ಸಾಹೇಬರು. ಗೆದ್ದೆನೆಂಬ ಹುರುಪಿಗೋ, ಇಷ್ಟು ಹೊತ್ತು ತಡೆದಿದ್ದ ಹೆದರಿಕೆಗೋ ಅಂಬಾಬಾಯಿ ಅವಸರ ಮಾಡಿದಳು. ಮೊದಲ ಸುರುಳಿ ಚಿಮಟಿಗೆಯಿಂದ ಜಾರಿ ಹೋಯಿತು. ಮುರುಗೆಪ್ಪ ಕೆಮ್ಮಿದ. ಆ ಕೆಮ್ಮು ಕೇಳಿದ್ದೇ ಅವಳು ಅವಸರ ಬಿಟ್ಟಳು. ಇನ್ನೊಂದು ಸುರುಳಿ ಎತ್ತಿ, ಮುಳ್ಳಿನ ಬುಡಕ್ಕೆ ಕೂರಿಸಿ, ಬೆಸೆದು ಕೊಟ್ಟಳು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ಉಫ್ ಎಂದು ಊದಿದರು. ಮುಳ್ಳು ಎಲ್ಲೂ ಅಂಟದೆ ಹೋಗಿ ಬಂತು.

ವಾಪಸು ಬಂದ ಮೀಟರುಗಳನ್ನು ಈ ಬಾಯಿಯೇ ಸರಿಮಾಡಲಿ ಎಂದು ಅವರು ಮಾಲಕರಿಗೆ ಹೇಳಿದರು. ಒಯ್ಯಲು ತಾವು ತಿರುಗಿ ಬಂದಾಗ ಮೀಟರುಗಳ ಜೊತೆ ಮೇಜುಗಳನ್ನೂ ಅಳೆಯುವುದಾಗಿಯೂ, ಮೊದಲೇ ತಿಳಿಸಿ ಬರುವುದಿಲ್ಲವೆಂದೂ ಹೇಳಿದರು. ಮಾಲಕರು ಮುರುಗೆಪ್ಪನನ್ನು ನೋಡಿದ ನೋಟದಲ್ಲಿ ಬೆನ್ನು ತಟ್ಟುವಂಥದ್ದು ಏನೂ ಇರಲಿಲ್ಲ. ಕೆಲಸ ನಡೆದಿರುವಾಗ ದೀಪ ತೆಗೆಯಕೂಡದು ಎಂಬ ಅಪ್ಪಣೆ ಅಲ್ಲಿಯೇ ಆಯಿತು.

ಸಂಜೆ ಅಂಬಾಬಾಯಿ ಮನೆಗೆ ಹೋಗದೆ ಮೊದಲು ಗಂಡ ಕೆಲಸ ಮಾಡುತ್ತಿದ್ದ ಕಟ್ಟಡದ ಹತ್ತಿರ ಹೋದಳು. ಆ ಕೆಟ್ಟ ಶಬ್ದ ಆಡಿದ್ದು ಅವಳಲ್ಲ, ಆದರೂ ಆಡಿಸಿದವಳು ಅವಳೇ. ಹಣಮಂತ್ರಾಯ ಪರಾಂಚಿಯಿಂದ ಇಳಿದು ಕೈಕಾಲು ತೊಳೆಯುತ್ತಿದ್ದ. ಅವನನ್ನು ನೋಡಿದ ಮೇಲೆ ಅವಳಿಗೆ ಉಸಿರು ಬಂತು. ಅವಳು ಎಲ್ಲ ಹೇಳಿದಳು. ಮುರುಗೆಪ್ಪನ ದನಿ ತೆಗೆದು ತೋರಿಸಿದಾಗ ಅವನು ಇಟ್ಟಿಗೆಯ ರಾಶಿಯ ಮೇಲೆ ಕೂತುಬಿಟ್ಟು ನಕ್ಕ.

ಮರುದಿನ ಮಧ್ಯಾಹ್ನ ಊಟವಾಯಿತು. ಅವ್ವಣ್ಣ ರೂಢಿಯಂತೆ ಹಿಡಿಯ ಮೇಲೆ ಕೈಯಿಟ್ಟು ಮುರುಗೆಪ್ಪನನ್ನು ನೋಡಿದ. ಮುರುಗೆಪ್ಪ ತಗಡಿನ ಮಾಡು ನೋಡಿದ. ಟ್ಯೂಬುಗಳು ಉರಿಯುತ್ತಲೇ ಇದ್ದವು, ಹೆಂಗಸರು ತಲೆಯೆತ್ತದೆ ಕೆಲಸ ಮಾಡಿದರು.

ತೊಡಕು ಬಂದದ್ದು ಸಂಜೆ. ಗಂಟೆ ಹೊಡೆಯಿತು, ಎಲ್ಲರೂ ಡಬ್ಬಿ ಚೀಲ ಕೈಗೆ ತೆಗೆದುಕೊಂಡರು. ಈಗ ದೀಪ ತೆಗೆಯಲೇಬೇಕು. ಮುರುಗೆಪ್ಪ ಶೆಡ್ಡಿನ ನಡುವೆ ನಿಂತು ಬಾಯಿ ತೆರೆದ, ಮುಚ್ಚಿದ. ಒಂದು ಮಾತು ನಿನ್ನೆ ಅವನ ಮಾನ ಕಳೆದಿತ್ತು, ಇನ್ನೊಂದು ಮಾತನ್ನು ಇಷ್ಟು ಹೆಂಗಸರ ಮುಂದೆ ಎರಡನೆಯ ಸಲ ಆಡಿ ಉಳಿಯುವಂತಿರಲಿಲ್ಲ. ಕೈಸನ್ನೆ ಮಾಡಿದ, ಆದರೆ ಕೂಗು ಬೀಳದೆ ಹಿಡಿ ಎಳೆಯುವ ರೂಢಿ ಅವ್ವಣ್ಣನಿಗಿರಲಿಲ್ಲ. ಹೆಂಗಸರು ಬಾಗಿಲಲ್ಲಿ ಗುಂಪಾಗಿ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದರು. ಯಾರೂ ಇಲ್ಲದ ಮೇಜುಗಳ ಮೇಲೆ ಬೆಳಕು ಸುಮ್ಮನೆ ಸುರಿಯುತ್ತಿತ್ತು, ಬಿಲ್ಲು ಏರುತ್ತಿತ್ತು.

ಅಂಬಾಬಾಯಿಗೆ ಅವಸರವಿರಲಿಲ್ಲ. ಚಿಮಟಿಗೆ ಒರೆಸಿ ಡಬ್ಬಿಯಲ್ಲಿಟ್ಟಳು, ಉಳಿದ ಸುರುಳಿಗಳ ಮೇಲೆ ಗಾಜು ಮುಚ್ಚಿದಳು, ಮೇಜು ಒರೆಸಿದಳು. ಮುರುಗೆಪ್ಪನನ್ನು ದಾಟಿ ಬಾಗಿಲಿಗೆ ಬಂದು ತಿರುಗಿ ನಿಂತಳು. ಈ ಸಲ ಸೊಂಟದ ಮೇಲೆ ಕೈಯಿಡಲಿಲ್ಲ, ತನ್ನದೇ ದನಿಯಲ್ಲಿ ಕೂಗಿದಳು.

"ಕೆಲಸ ಮುಗೀತು, ಅವ್ವಣ್ಣಾ. ಈಗ ದೊಡ್ಡದು ಮಾಡಪಾ."